ಕಾರ್ಡಿನಲ್ಲಿ ಬರೆಯಬಾರದ ಸುದ್ದಿ

ಪಣಜಿ
೫ ಡಿಸೆಂಬರ್ ೨೦೨೪

ಅಪ್ಪನಿಗೆ ದಿವ್ಯಶ್ರೀ ಮಾಡುವ ನಮಸ್ಕಾರ.

ಸುಖವಾಗಿ ಬಂದು ಮುಟ್ಟಿದೆ. ಹೊನ್ನಾವರದಲ್ಲಿ ರೈಲು ಹತ್ತಿಸುವಾಗ ನೀನು ಹೇಳಿದ್ದೆಯಲ್ಲ, "ಅಂಚೆ ಹಂಚೂಕೆ ಹೊಂಟವ್ಳು ಫೋನ್ ಮಾಡೂದೆಂತಕ್ಕೆ, ಕಾಗ್ದ ಬರಿ, ಎಷ್ಟು ದಿನಕ್ಕೆ ಮುಟ್ತದೆ ನೋಡ್ವ" ಅಂತ. ಹಾಗಾಗಿ ಇದು. ಫೋನಿನಲ್ಲಿ ಅಮ್ಮನ ಹತ್ತಿರ ಊಟ ಆಯಿತಾ ಅಂತ ಕೇಳುತ್ತೇನೆ, ಅಷ್ಟೇ. ಉಳಿದದ್ದೆಲ್ಲ ಕಾಗದದಲ್ಲಿ.

ನಿನಗೆ ಗೊತ್ತಿರುವುದನ್ನೇ ಒಂದು ಸಲ ಬರೆದುಬಿಡುತ್ತೇನೆ. ಬರೆದರೆ ಹೆದರಿಕೆ ಸ್ವಲ್ಪ ಇಳಿಯಬಹುದು. ನಮ್ಮ ಕೇರಿಯ ಅಂಚೆ ಹಂಚುವ ಕೆಲಸ ನನಗೆ ಸಿಕ್ಕಿದೆ. ಶುಕ್ರಜ್ಜನಿಗೆ ಈ ತಿಂಗಳ ಕೊನೆಗೆ ಅರವತ್ತೈದು ತುಂಬುತ್ತದೆ, ಜನವರಿ ಆರಕ್ಕೆ ಅವರ ಚೀಲ ನನ್ನ ಹೆಗಲಿಗೆ. ಅರ್ಜಿಯಲ್ಲಿ ಸೈಕಲ್ ಹೊಡೆಯಲು ಬರುತ್ತದೆಯೇ ಎಂದು ಕೇಳಿದ್ದರು, ನಾನು ಹೌದು ಅಂತ ಒತ್ತಿದೆ. ಬರುವುದಿಲ್ಲ. ಸೇರುವ ದಿನ ಇನ್‌ಸ್ಪೆಕ್ಟರು ಎದುರಿಗೆ ನಿಂತು ಒಂದು ಸುತ್ತು ಹೊಡೆಸಿ ನೋಡುತ್ತಾರೆ ಅಂತ ಇದೇ ಕೆಲಸದಲ್ಲಿರುವ ಕುಮಟೆಯ ರೇಖಾ ಹೇಳಿದ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ಹಳದೀಪುರದಲ್ಲಿ ಕಲಿಯೋಣ ಅಂದರೆ ಸಂಜೆಯೊಳಗೆ ಆಚೆ ಊರು ಬಾಡದವರೆಗೂ ಸುದ್ದಿ ಮುಟ್ಟುತ್ತದೆ, ಅದಕ್ಕೆ ಅಂಚೆಯವರೂ ಬೇಡ.

ಇಲ್ಲಿ ಮಾಲಿನತ್ತೆ ಚೆನ್ನಾಗಿದ್ದಾಳೆ. ಅವಳು ಬಾಡಿಗೆಗಿರುವ ಮನೆಯ ಯಜಮಾನಿ ಫಿಲೋಮಿನಾ ಟೀಚರ್, ಎಪ್ಪತ್ತೆರಡು ವರ್ಷ, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಿಯಾದವರು. ಅವರ ಹತ್ತಿರ ಹಸಿರು ಬಣ್ಣದ ಹಳೇ ಲೇಡೀಸ್ ಸೈಕಲ್ ಇದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸೈಕಲ್ಲಿಗೂ ನಿನಗೂ ನಾಳೆ ಬೆಳಿಗ್ಗೆ ಆರು ಗಂಟೆಗೆ ಕ್ಲಾಸು" ಅಂದರು. ನಮ್ಮ ಕಡೆಯ ಕೊಂಕಣಿಗೂ ಇವರ ಕೊಂಕಣಿಗೂ ಬಹಳ ದೂರ, ಆದರೆ ಬೈಗುಳ ಚೆನ್ನಾಗಿ ಅರ್ಥವಾಗುತ್ತದೆ.

ನಿನ್ನ ಮಗಳು,
ದಿವ್ಯಶ್ರೀ


ಹಳದೀಪುರ
೯ ಡಿಸೆಂಬರ್ ೨೦೨೪

ಚಿ. ದಿವ್ಯಶ್ರೀಗೆ ಅಪ್ಪನ ಆಶೀರ್ವಾದ.

ಕಾಗದ ನಾಲ್ಕು ದಿನಕ್ಕೆ ಬಂತು. ನೀನು ಸೇರಿದ ಮೇಲೆ ಮೂರಕ್ಕೆ ಇಳಿಸು.

ನೀನು ಪಣಜಿಗೆ ಯಾಕೆ ಹೋದೆ ಅಂತ ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಗೋವಾಕ್ಕೆ ಹೋದವರ ಬಗ್ಗೆ ನಮ್ಮ ಜನ ಎಂತ ಯೋಚನೆ ಮಾಡುತ್ತಾರೆ ಗೊತ್ತಲ್ಲ. ಅದಕ್ಕೆ ಮಾಲಿನಿಯ ಕೈ ಮುರಿದಿದೆ, ಅಡಿಗೆಗೆ ಜನ ಇಲ್ಲ ಅಂತ ಹೇಳಿಬಿಟ್ಟೆ. ಬಾಯಿಗೆ ಬಂದ ಸುಳ್ಳು ಅದೊಂದೇ. ಈಗ ಪಕ್ಕದ ಮನೆ ದುರ್ಗಮ್ಮ ಕೈ ಮುರಿದವರಿಗೆ ಅಂತ ಕಾಯಿಸಿದ ಎಣ್ಣೆ ಒಂದು ಬಾಟಲಿ ಕೊಟ್ಟಿದ್ದಾಳೆ. ಬೇಡ ಅಂದರೆ ಬಿಡಲಿಲ್ಲ. ನಾಳೆ ಪಣಜಿಗೆ ಹೋಗುವ ಪ್ರಕಾಶನ ಟೆಂಪೋದಲ್ಲಿ ಕಳಿಸುತ್ತೇನೆ. ನಿನ್ನ ಅತ್ತೆಗೆ ಹೇಳು, ಊರಿಗೆ ಬಂದಾಗ ಎಡಗೈ ಸ್ವಲ್ಪ ಮಡಚಿಕೊಂಡೇ ಇರಲಿ.

ಸೈಕಲ್ಲಿನ ವಿಷಯ. ಬೀಳುತ್ತೇನೆ ಅಂತ ಹೆದರಬೇಡ, ನಿಧಾನಕ್ಕೆ ಹೋದರೇ ಬೀಳುವುದು. ಜೋರಾಗಿ ಹೋಗು ಅಂತಲೂ ನಾನು ಹೇಳುತ್ತಿಲ್ಲ. ಒಟ್ಟು ಟೀಚರ್ ಹೇಳಿದ ಹಾಗೆ ಮಾಡು. ಪ್ಯಾಂಟಿನ ಬಲಗಾಲಿಗೆ ಒಂದು ಕ್ಲಿಪ್ ಹಾಕಿಕೊ, ಇಲ್ಲದಿದ್ದರೆ ಚೈನು ತಿಂದುಬಿಡುತ್ತದೆ. ಇಪ್ಪತ್ತೆಂಟು ವರ್ಷ ಹೊಲಿಗೆ ಯಂತ್ರ ತುಳಿದ ಅನುಭವದ ಮೇಲೆ ನನಗೆ ಗೊತ್ತಿರುವುದು ಅಷ್ಟೇ.

ಇಂತಿ,
ನಿನ್ನ ಅಪ್ಪ
ಮಾಬ್ಲೇಶ್ವರ


(ಅಂಚೆ ಕಾರ್ಡು)

ಪಣಜಿ
೧೨ ಡಿಸೆಂಬರ್ ೨೦೨೪

ಅಪ್ಪ, ಇನ್‌ಲ್ಯಾಂಡ್ ಖಾಲಿಯಾಗಿತ್ತು, ಕಾರ್ಡು ಸಿಕ್ಕಿತು. ಇಂದಿಗೆ ಏಳು ದಿನ, ನನಗೆ ಇನ್ನೂ ಸೈಕಲ್ ಬರುವುದಿಲ್ಲ. ಅರ್ಜಿಯಲ್ಲಿ ಮಾತ್ರ ಬರುತ್ತದೆ ಅಂತ ಬರೆದಿದ್ದೇನೆ. ಟೀಚರಿಗೆ ಮಂಡಿ ಹೋಗಿದೆ, ಅದಕ್ಕೆ ಕ್ರಿಸ್‌ಮಸ್ಸಿನ ತಿಂಡಿ ತಟ್ಟೆಗಳನ್ನು ಪೇಟೆಯ ಮೂವತ್ತು ಮನೆಗೆ ಮುಟ್ಟಿಸುವ ಕೆಲಸ ನನಗೆ. ಮೊದಲ ತಟ್ಟೆಗಳನ್ನು ಕ್ಯಾರಿಯರಿಗೆ ಕಟ್ಟಿ ಸೈಕಲ್ ತಳ್ಳಿಕೊಂಡೇ ಹೋಗಿ ಕೊಟ್ಟು ಬಂದೆ. ಒಂದು ವಿಷಯ ಗೊತ್ತಾಯಿತು: ತಳ್ಳಿಕೊಂಡು ಹೋದರೆ ಯಾರೂ ಏನೂ ಕೇಳುವುದಿಲ್ಲ. ಸಾಮಾನು ಜಾಸ್ತಿ ಇದೆ ಅಂದುಕೊಳ್ಳುತ್ತಾರೆ. ಜನವರಿ ಆರರ ನಂತರವೂ ಹೀಗೇ ತಳ್ಳಿಕೊಂಡು ಹೋದರೆ ನಡೆಯುತ್ತದಾ?
ದಿವ್ಯಶ್ರೀ


ಹಳದೀಪುರ
೧೭ ಡಿಸೆಂಬರ್ ೨೦೨೪

ಚಿ. ದಿವ್ಯಶ್ರೀಗೆ ಆಶೀರ್ವಾದ.

ನೀನು ಓದಿದವಳು, ಡಿಗ್ರಿ ಮುಗಿಸಿದವಳು, ಅಂಚೆ ಇಲಾಖೆಗೆ ಸೇರುವವಳು. ಇಂಥ ಸುದ್ದಿಯನ್ನು ಕಾರ್ಡಿನಲ್ಲಿ ಯಾರಾದರೂ ಬರೆಯುತ್ತಾರಾ? ನಮ್ಮ ಊರಲ್ಲಿ ಕಾರ್ಡು ಎಂದರೆ ಶುಕ್ರಣ್ಣ ಓದಿ ಹೇಳುವುದು ಅಂತಲೇ ಅರ್ಥ ಅನ್ನುವುದು ನಿನಗೆ ಗೊತ್ತಿಲ್ಲದ್ದಾ?

ಆದದ್ದು ಕೇಳು. ನಿನ್ನೆ ಅವನು ಬಂದಾಗ ನಾನು ಅಂಗಡಿಯಲ್ಲಿದ್ದೆ. ಮನೆಯಲ್ಲಿ ನಿನ್ನ ಅಮ್ಮ ಮತ್ತು ದುರ್ಗಮ್ಮ. ಕೇರಿಯಲ್ಲಿ ಇಷ್ಟು ಜನ ಇದ್ದು ದುರ್ಗಮ್ಮನೇ ಇರಬೇಕಾ, ಇದ್ದಳು. ನಿನ್ನ ಅಮ್ಮನಿಗೆ ಅಕ್ಷರ ಬರುವುದಿಲ್ಲ, ಮಗಳ ಕಾರ್ಡು ಅಂದಕೂಡಲೇ "ಓದು ಶುಕ್ರಣ್ಣ" ಅಂದಳಂತೆ. ಅವನು ಎಂದಿನ ಹಾಗೆ ಸೈಕಲ್ಲನ್ನು ಬೇಲಿಗೆ ಒರಗಿಸಿ, ಕನ್ನಡಕ ಹಾಕಿ, ಇನ್‌ಲ್ಯಾಂಡ್ ಖಾಲಿಯಾಗಿತ್ತು ಎಂಬಲ್ಲಿಯವರೆಗೆ ಓದಿದನಂತೆ. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು ಮುಂದೆ ಓದಿದನಂತೆ.

ಸಂಜೆ ನಿನ್ನ ಅಮ್ಮ ನನಗೆ ಸುದ್ದಿ ಹೇಳಿದಳು: ಮಾಲಿನಿಯ ಕೈ ಕೂಡಿಕೊಳ್ಳುತ್ತಿದೆ, ದುರ್ಗಮ್ಮನ ಎಣ್ಣೆ ಬಹಳ ಗುಣ ಕೊಟ್ಟಿದೆ, ಪಣಜಿಯಲ್ಲಿ ಚಳಿ ಬಿದ್ದಿದೆ, ಬಂಗಡೆ ನಮ್ಮಲ್ಲಿಗಿಂತ ತುಟ್ಟಿ, ಎಲ್ಲರಿಗೂ ನಮಸ್ಕಾರ. ದುರ್ಗಮ್ಮ ಕೇರಿ ತುಂಬ ತನ್ನ ಎಣ್ಣೆಯ ವಿಷಯವನ್ನೇ ಹೇಳಿಕೊಂಡು ಓಡಾಡುತ್ತಿದ್ದಾಳೆ. ಆಮೇಲೆ ನಾನು ಕಾರ್ಡು ತೆಗೆದು ನೋಡಿದರೆ ಅದರಲ್ಲಿ ಬಂಗಡೆಯೂ ಇಲ್ಲ, ಚಳಿಯೂ ಇಲ್ಲ.

ಇದ್ದದ್ದನ್ನು ಓದಿ ಹೇಳಿದ ಮೇಲೆ ನಿನ್ನ ಅಮ್ಮನಿಗೆ ಗಾಬರಿ. "ಅವ ಇನ್‌ಸ್ಪೆಕ್ಟರಿಗೆ ಹೇಳ್ಬಿಟ್ರೆ ಎಂತ ಮಾಡೂದು?" ಅಂತ ನಿನ್ನೆಯಿಂದ ಒಂದೇ ರಾಗ. ನೀನು ಹೆದರಬೇಡ. ಶುಕ್ರಣ್ಣ ಹೇಳುವುದಿಲ್ಲ. ನನಗೆ ಹೇಗೆ ಗೊತ್ತು ಅಂತ ಕೇಳಬೇಡ, ಗೊತ್ತು ಅಷ್ಟೇ.

ಆದರೆ ನೀನು ಕೇಳಿದ್ದಕ್ಕೆ ಉತ್ತರ: ತಳ್ಳಿಕೊಂಡು ಹೋದರೆ ನಡೆಯುವುದಿಲ್ಲ. ಕಲಿತುಕೊಂಡೇ ಬಾ.

ಇಂತಿ,
ಅಪ್ಪ


ಹಳದೀಪುರ
೧೮ ಡಿಸೆಂಬರ್ ೨೦೨೪

ತಂಗೀ ದಿವ್ಯಶ್ರೀಗೆ,

ನಾನು ಶುಕ್ರ ಗೌಡ. ಮೂವತ್ತಮೂರು ವರ್ಷ ಊರವರ ಕಾಗದ ಹಂಚಿದವ, ನಾನೇ ಬರೆದದ್ದು ನಾಲ್ಕೋ ಐದೋ ಇರಬೇಕು. ತಪ್ಪಿದ್ದರೆ ತಿದ್ದಿಕೊ. ನಿನ್ನ ವಿಳಾಸ ನಿನ್ನ ಕಾರ್ಡಿನಿಂದಲೇ ತೆಗೆದುಕೊಂಡೆ. ಇದನ್ನು ಲಕೋಟೆಯಲ್ಲಿ ಹಾಕಿ ಅನ್ನದ ಅಂಟಿನಲ್ಲಿ ಎರಡು ಸಲ ಅಂಟಿಸಿದ್ದೇನೆ, ಯಾಕೆ ಅಂತ ನಿನಗೇ ಗೊತ್ತಾಗುತ್ತದೆ.

ಮೊದಲನೆಯದಾಗಿ, ನಿನ್ನ ಅಮ್ಮನಿಗೆ ನಾನು ಸುಳ್ಳು ಓದಿ ಹೇಳಿದೆ. ಸರಕಾರಿ ಕೆಲಸದಲ್ಲಿ ಇದ್ದು ಇಷ್ಟು ವರ್ಷದಲ್ಲಿ ಇದೇ ಮೊದಲು. ಸತ್ತ ಸುದ್ದಿಯನ್ನೂ ಇದ್ದ ಹಾಗೇ ಓದಿದವ ನಾನು. ಆದರೆ ದುರ್ಗಮ್ಮ ಎದುರಿಗೆ ಕೂತಿದ್ದಳು.

ಎರಡನೆಯದು ಹೇಳುವುದು ಕಷ್ಟ. ನಿನ್ನ ಕಾರ್ಡಿನಲ್ಲಿ ತಳ್ಳಿಕೊಂಡು ಹೋದರೆ ಯಾರೂ ಕೇಳುವುದಿಲ್ಲ ಅಂತ ಬರೆದಿದ್ದೆಯಲ್ಲ, ಅದು ಮೊದಲೇ ಕಣ್ಣಿಗೆ ಬಿದ್ದು ಕನ್ನಡಕ ತೆಗೆದು ಒರೆಸಿಕೊಂಡೆ. ಯಾರೋ ನನ್ನ ಗುಟ್ಟು ಬರೆದು ನನ್ನ ಕೈಯಲ್ಲೇ ಓದಿಸಿದ ಹಾಗೆ ಆಯಿತು. ತಂಗೀ, ನಂಗೂ ಸೈಕಲ್ ಬತ್ತಿಲ್ಲ.

ತೊಂಬತ್ತೊಂದರಲ್ಲಿ ಕೆಲಸಕ್ಕೆ ಸೇರುವಾಗ ನನ್ನನ್ನೂ ಕೇಳಿದ್ದರು, ನಾನೂ ಹೌದು ಅಂದೆ. ಹಳೇ ಸೈಕಲ್ ಒಂದು ತೆಗೆದುಕೊಂಡೆ. ಮೊದಲ ದಿನ ಜನ ನೋಡುತ್ತಾರೆ ಅಂತ ನಾಚಿಕೆಯಾಗಿ ತಳ್ಳಿಕೊಂಡು ಹೋದೆ, ನಾಳೆ ಕಲಿತರಾಯಿತು ಅಂತ. ಮರುದಿನವೂ ತಳ್ಳಿದೆ. ಆಮೇಲೆ ಒಬ್ಬರು ಕಾಯಿ ಕಟ್ಟಿ ಕಳಿಸಿದರು, ಇನ್ನೊಬ್ಬರು ಮಗಳ ಮನೆಗೆ ಬಸಳೆ ಕಳಿಸಿದರು. ಸಾಮಾನು ಇದ್ದರೆ ತಳ್ಳುವುದಕ್ಕೆ ಒಂದು ಕಾರಣ. ಜನ ಮಾತಾಡಿಸುತ್ತಾರೆ ಅಂತ ನಡೆದು ಹೋಗುತ್ತಾನೆ, ಒಳ್ಳೆಯ ಮನುಷ್ಯ ಅಂತ ಊರೇ ಅಂದಿತು. ನಾನೂ ಅದನ್ನೇ ನಂಬಿದೆ. ಮಳೆಗಾಲದಲ್ಲಿ ಹಳ್ಳ ದಾಟುವಾಗ ಹೆಗಲ ಮೇಲೆ ಹೊತ್ತುಕೊಳ್ಳುತ್ತೇನೆ. ನಾನು ಸೈಕಲ್ ಹತ್ತಿದ್ದಿಲ್ಲ, ಸೈಕಲ್ಲೇ ನನ್ನ ಮೇಲೆ ಹತ್ತಿದ್ದು. ಒಂದು ಸಲ ನಿನ್ನ ಅಪ್ಪ, "ಶುಕ್ರಣ್ಣ, ಹತ್ತಿ ಹೋಗೂದಲ್ದಾ?" ಅಂತ ಕೇಳಿದ. ಚೈನು ಸರಿ ಇಲ್ಲ ಅಂದೆ. ಪುಣ್ಯಾತ್ಮ ಮರುದಿನ ಹೊಲಿಗೆ ಯಂತ್ರದ ಎಣ್ಣೆ ತಂದು ಚೈನಿಗೆ ಬಿಟ್ಟ.

ಅದಕ್ಕೆ ಹೇಳುತ್ತೇನೆ. ಮೊದಲ ದಿನ ತಳ್ಳಿದರೆ ಆಮೇಲೆ ದಿನವೂ ತಳ್ಳಬೇಕು. ನೀನು ಹಾಗೆ ಮಾಡಬೇಡ. ಹತ್ತು. ಅಲ್ಲಿ ನಿನ್ನನ್ನು ಯಾರೂ ಗುರುತಿಸುವವರಿಲ್ಲ, ಬಿದ್ದರೂ ಯಾರ ಮಗಳು ಅಂತ ಕೇಳುವವರಿಲ್ಲ. ಅಂಥ ಜಾಗ ನನಗೆ ಸಿಗಲಿಲ್ಲ.

ಮೂವತ್ತೊಂದಕ್ಕೆ ಚೀಲ ಇಳಿಸುತ್ತೇನೆ. ಒಂದೇ ಒಂದು ಸಲ ಆ ಸೈಕಲ್ ಮೇಲೆ ಕೂತು ಹಳ್ಳದ ದಾರಿಯ ಇಳಿಜಾರಿನಲ್ಲಿ ಹೋಗಬೇಕು ಅಂತ ಆಸೆ ಇದೆ. ನೀನು ಕಲಿತು ಬಂದರೆ ನನಗೆ ಕಲಿಸು. ಯಾರಿಗೂ ಹೇಳಬೇಡ.

ಇಂತಿ,
ಶುಕ್ರ ಗೌಡ


ಪಣಜಿ
೨೫ ಡಿಸೆಂಬರ್ ೨೦೨೪

ಅಪ್ಪನಿಗೆ ದಿವ್ಯಶ್ರೀ ಮಾಡುವ ನಮಸ್ಕಾರ.

ಹೊಡೆದೆ. ಮೊನ್ನೆ ಬೆಳಿಗ್ಗೆ ಏಳು ಗಂಟೆಗೆ, ನದಿಯ ಪಕ್ಕದ ರಸ್ತೆಯಲ್ಲಿ, ಫಿಲೋಮಿನಾ ಟೀಚರ್ ಮಂಡಿ ನೋವನ್ನು ಮರೆತು ಹಿಂದೆ ಓಡಿ ಬರುತ್ತಿದ್ದರು. "ಮುಖಾರ್ ಪಳೆ, ಮುಖಾರ್ ಪಳೆ" ಅಂತ ಕೂಗು, ಅಂದರೆ ಮುಂದೆ ನೋಡು ಅಂತ. ಇಷ್ಟು ದಿನ ನಾನು ನೋಡುತ್ತಿದ್ದದ್ದು ಮುಂದಿನ ಚಕ್ರವನ್ನು, ಅದು ನನ್ನನ್ನು ನೋಡುತ್ತಿತ್ತು, ಇಬ್ಬರೂ ಸೇರಿ ಚರಂಡಿಗೆ. ಅವತ್ತು ಮುಂದೆ ನೋಡಿದೆ. ಒಂದು ಹೊತ್ತಿನಲ್ಲಿ ಹಿಂದೆ ಕೂಗು ಕೇಳಿಸಲಿಲ್ಲ. ತಿರುಗಿ ನೋಡಿದರೆ ಟೀಚರ್ ಎಲ್ಲೋ ದೂರದಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು. ತಿರುಗಿದ್ದಕ್ಕೆ ಬಿದ್ದೆ, ಅದು ಬೇರೆ ವಿಷಯ. ಬಿದ್ದವಳು ನಗುತ್ತಾ ಅಲ್ಲೇ ಕೂತಿದ್ದೆ. ಎರಡು ಮಂಡಿಗೂ ದುರ್ಗಮ್ಮನ ಎಣ್ಣೆ ಹಚ್ಚಿಕೊಂಡೆ, ನಿಜವಾಗಿಯೂ ಗುಣ ಇದೆ, ಅವಳಿಗೆ ಹೇಳು.

ಹತ್ತು ಅಂತ ಧೈರ್ಯ ಕೊಟ್ಟದ್ದು ಒಂದು ಕಾಗದ. ಯಾರದು ಅಂತ ಕೇಳಬೇಡ, ಅದು ಮುಚ್ಚಿದ ಲಕೋಟೆಯಲ್ಲಿ ಬಂದಿತ್ತು. ನೀನೂ ನಿನಗೆ ಗೊತ್ತಿರುವುದನ್ನು ಹೇಳಲಿಲ್ಲವಲ್ಲ.

ಉಳಿದ ತಟ್ಟೆಗಳನ್ನೆಲ್ಲ ಸೈಕಲ್ ಮೇಲೆ ಕೂತೇ ಕೊಟ್ಟೆ. ತಟ್ಟೆಯಲ್ಲಿ ನೆವ್ರಿ ಇರುತ್ತದೆ, ಅದು ನಮ್ಮ ಕರಜಿಕಾಯಿಯೇ. ಮತ್ತೆ ದೊದೊಲ್ ಅಂತ ಕಪ್ಪು ಬೆಲ್ಲದ ಹಲ್ವಾ, ಮೇಲೆ ಟೀಚರ್ ಕೈಯಿಂದ ಹೆಣೆದ ಬಿಳಿ ಬಟ್ಟೆ. ವಿಳಾಸ ಅಂತ ಕೊಡುವುದಿಲ್ಲ ಟೀಚರ್. ನೀಲಿ ಮನೆ, ಬಾಗಿಲಲ್ಲಿ ಹುಂಜದ ಗೊಂಬೆ ಇದ್ದದ್ದು, ಅಥವಾ ಬಾವಿ ದಾಟಿ ಸಿಟ್ಟಿನ ನಾಯಿ ಇರುವ ಮನೆ, ಹೀಗೆ. ಬಣ್ಣಬಣ್ಣದ ಓಣಿಗಳಲ್ಲಿ ಮನೆಗೊಂದು ನಕ್ಷತ್ರ ತೂಗುತ್ತದೆ, ಅಂಗಳದಲ್ಲಿ ಹುಲ್ಲು ಹಾಸಿ ಗೋದಲಿ ಮಾಡಿದ್ದಾರೆ. ಪ್ರವಾಸಿಗಳು ಗೋಡೆಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಾ ಇರುತ್ತಾರೆ, ನಾನು ಬೆಲ್ ಹೊಡೆದರೆ ಸರಿಯುತ್ತಾರೆ. ಅಪ್ಪ, ನನ್ನ ಬೆಲ್ಲಿಗೆ ಜನ ಸರಿಯುತ್ತಾರೆ. ನಿನ್ನೆ ದೋಣಿಯಲ್ಲಿ ಸೈಕಲ್ ಸಮೇತ ನದಿ ದಾಟಿ ಆಚೆ ದಡಕ್ಕೂ ಹೋಗಿ ಒಂದು ತಟ್ಟೆ ಕೊಟ್ಟು ಬಂದೆ. ಖಾಲಿ ತಟ್ಟೆಯನ್ನು ಯಾರೂ ಖಾಲಿ ಕೊಡುವುದಿಲ್ಲ, ಅವರ ಮನೆಯ ತಿಂಡಿ ಹಾಕಿ ಕಳಿಸುತ್ತಾರೆ. ಕೊನೆಯ ಮನೆಯ ಅಜ್ಜಿ ಬಾಗಿಲಲ್ಲೇ ಕಾಯುತ್ತಾ ಇದ್ದರು. "ಈ ವರ್ಷ ಫಿಲೋಮಿನಾಳ ತಟ್ಟೆ ಬರುವುದಿಲ್ಲ ಅಂದುಕೊಂಡಿದ್ದೆ" ಅಂದರು, ಕಣ್ಣು ಒರೆಸಿಕೊಂಡರು. ಈ ಕೆಲಸ ನನಗೆ ಬಹಳ ಇಷ್ಟವಾಗುತ್ತದೆ ಅಂತ ಆಗ ಗೊತ್ತಾಯಿತು.

ಈಗ ಒಂದು ಕೇಳುತ್ತೇನೆ, ಎದುರಿಗಿದ್ದರೆ ಕೇಳಲು ಆಗುವುದಿಲ್ಲ. ಎಂಟನೇ ಕ್ಲಾಸಿನಲ್ಲಿ ಸರಕಾರದ ಸೈಕಲ್ ಎಲ್ಲರಿಗೂ ಕೊಟ್ಟರು, ನನಗೂ ಕೊಟ್ಟರು. ಇಡಗುಂಜಿಗೆ ಒಯ್ದು ಪೂಜೆ ಮಾಡಿಸಿ ತಂದವನು ನೀನೇ. ಅವತ್ತೇ ಸಂಜೆ ಅದನ್ನು ಅಂಗಡಿಯ ಜಂತಿಗೆ ತೂಗುಹಾಕಿದೆ. ನನ್ನ ಕ್ಲಾಸಿನ ದೀಪಾ, ಹೊನ್ನಿ ಎಲ್ಲರೂ ಎರಡು ವಾರದಲ್ಲಿ ಕಲಿತರು. ನಾನು ಒಂಬತ್ತು ವರ್ಷದಿಂದ ಅದರ ಹ್ಯಾಂಡಲಿನಲ್ಲಿ ಊರವರ ರವಿಕೆ ನೇತಾಡುವುದನ್ನು ನೋಡುತ್ತಾ ಬಂದೆ. ಯಾಕೆ ಅಪ್ಪ?

ದಿವ್ಯಶ್ರೀ


ಹಳದೀಪುರ
೩೦ ಡಿಸೆಂಬರ್ ೨೦೨೪

ಮಗಾ,

ನಿನ್ನ ಕಾಗದವನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ನದಿ ದಾಟಿದ ಜಾಗ ಮೂರು ಸಲ. ಕೊನೆಯ ಪ್ರಶ್ನೆಯನ್ನು ಓದಲಿಲ್ಲ. ಶುಕ್ರಣ್ಣನಷ್ಟು ಚೆನ್ನಾಗಿ ಬೇರೆ ಏನಾದರೂ ಸೇರಿಸಲು ನನಗೆ ಬರುವುದಿಲ್ಲ, ಅದಕ್ಕೆ ಕೆಮ್ಮಿದೆ.

ಅವತ್ತು ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಇಡಗುಂಜಿಗೆ ಹೋಗಿದ್ದೆ. ಹ್ಯಾಂಡಲಿಗೆ ಹಾರ ಹಾಕಿಸಿದೆ, ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟು ಉರುಳಿಸಿದೆ, ನಿನಗೆ ಪಂಚಕಜ್ಜಾಯ ಕಟ್ಟಿಸಿಕೊಂಡೆ. ವಾಪಸು ಬಂದು ಹಳದೀಪುರದಲ್ಲಿ ಬಸ್ ಇಳಿದು ಸೈಕಲ್ ಇಳಿಸಿಕೊಂಡು ನಿಂತರೆ, ಹೈವೇ ಅಗಲ ಮಾಡುವ ಕೆಲಸದ ಲಾರಿ ಒಂದರ ಹಿಂದೆ ಒಂದು. ರಸ್ತೆ ದಾಟಲು ನನಗೇ ಕಾಲು ಗಂಟೆ ಹಿಡಿಯಿತು. ನೀನು ಆ ರಸ್ತೆಯಲ್ಲಿ ಶಾಲೆಗೆ ಹೋಗಬೇಕು. ಹದಿಮೂರು ವರ್ಷ ನಿನಗೆ. ನಾಳೆ ಇಳಿಸಿಕೊಟ್ಟರಾಯಿತು ಅಂತ ತೂಗುಹಾಕಿದೆ. ಆ ನಾಳೆ ಬರಲೇ ಇಲ್ಲ. ಹೆದರಿದ್ದು ನಾನು, ಕಲಿಯದೇ ಉಳಿದದ್ದು ನೀನು. ನನ್ನದು ತಪ್ಪಾಯಿತು. ಇದನ್ನು ಎದುರಿಗೆ ಹೇಳಲು ನನಗೂ ಆಗುತ್ತಿರಲಿಲ್ಲ.

ನಿನ್ನೆ ರವಿಕೆಗಳನ್ನೆಲ್ಲ ತೆಗೆದು ಹಗ್ಗಕ್ಕೆ ಹಾಕಿ ಸೈಕಲ್ ಇಳಿಸಿದೆ. ಎರಡು ಟಯರೂ ಹೊಸದು ಹಾಕಿಸಿದೆ, ಸೀಟು ನಾಲ್ಕು ಬೆರಳು ಎತ್ತರಿಸಿದೆ. ಅಳತೆ ಅಂದಾಜಿನ ಮೇಲೆ ತೆಗೆದದ್ದು, ಆದರೆ ನಿನ್ನ ಅಳತೆ ನನಗೆ ತಪ್ಪುವುದಿಲ್ಲ. ಒಮ್ಮೆ ಪೂಜೆಯಾಗಿ ರಸ್ತೆಗೇ ಇಳಿಯದ ಗಾಡಿಗೆ ಮತ್ತೆ ಪೂಜೆ ಬೇಕಾ ಅಂತ ಭಟ್ಟರನ್ನು ಕೇಳಿದೆ. ಅವರಿಗೂ ಇಂಥ ಕೇಸು ಬಂದದ್ದಿಲ್ಲವಂತೆ. ಈ ಸಲ ಬಸ್ಸಿನ ಮೇಲೆ ಬೇಡ. ನೀನೇ ಹೊಡೆದುಕೊಂಡು ಹೋಗು, ನಾನು ಹಿಂದಿನ ಬಸ್ಸಿನಲ್ಲಿ ಬರುತ್ತೇನೆ, ಕಿಟಕಿಯ ಪಕ್ಕ ಕೂತು.

ಇಂತಿ,
ಅಪ್ಪ


ಹಳದೀಪುರ
೭ ಜನವರಿ ೨೦೨೫

ಶುಕ್ರಜ್ಜನಿಗೆ ದಿವ್ಯಶ್ರೀಯ ನಮಸ್ಕಾರಗಳು.

ಇದನ್ನು ನಮ್ಮ ಅಂಚೆಯ ಡಬ್ಬಿಗೆ ನಾನೇ ಹಾಕಿ, ನಾನೇ ತೆಗೆದು, ನಾನೇ ಮೊಹರು ಹೊಡೆದು ನಾಳೆ ನಿಮ್ಮ ಮನೆಗೆ ತಂದು ಕೊಡುತ್ತೇನೆ. ಕೊಡುವಾಗ ಬಾಯಲ್ಲಿ ಏನೂ ಹೇಳುವುದಿಲ್ಲ. ಹೆಂಡತಿಯೇ ಅಲ್ಲವಾ ಅಂತ ಸಣ್ಣಜ್ಜಿಯ ಎದುರಿಗೆ ಲಕೋಟೆ ಒಡೆಯಬೇಡಿ.

ನಿನ್ನೆ ಇನ್‌ಸ್ಪೆಕ್ಟರು ಬಂದಿದ್ದರು. ಕಾಗದಪತ್ರ ನೋಡಿದರು, ಸಹಿ ಹಾಕಿದರು, ಚಾ ಕುಡಿದರು, ಹೊರಟರು. ಸೈಕಲ್ಲಿನ ಸುದ್ದಿಯೇ ಇಲ್ಲ. ಒಂದು ತಿಂಗಳು ಎರಡೂ ಮಂಡಿ ಕೆರೆದುಕೊಂಡದ್ದಕ್ಕೆ ಬೆಲೆ ಬೇಡವಾ? "ಸರ್, ಸೈಕಲ್ ನೋಡೂದಿಲ್ವಾ?" ಅಂದೆ. "ಬರ್ತದೆ ಅಂತ ಬರ್ದು ಕೊಟ್ಟಿದ್ದಿಯಲ್ಲ" ಅಂದರು. ಇಲ್ಲ ಸರ್, ನೋಡಿಯೇ ಹೋಗಿ ಅಂತ ಅಂಗಳದಲ್ಲಿ ನಿಲ್ಲಿಸಿ ಮೂರು ಸುತ್ತು ಹೊಡೆದು ತೋರಿಸಿದೆ. ಮೂರನೇ ಸುತ್ತಿನಲ್ಲಿ ಬೆಲ್ಲನ್ನೂ ಹೊಡೆದೆ.

ಇನ್ನು ನಮ್ಮ ವಿಷಯ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಶಾಲೆಯ ಹಿಂದಿನ ಗದ್ದೆಗೆ ಬನ್ನಿ, ಕೊಯ್ಲಾಗಿದೆ, ನೆಲ ಗಟ್ಟಿಯಿದೆ, ಆ ಹೊತ್ತಿಗೆ ಯಾರೂ ಇರುವುದಿಲ್ಲ. ನಿಮ್ಮ ಸೈಕಲ್ ಎತ್ತರ, ಮೊದಲು ನನ್ನ ಸ್ಕೂಲ್ ಸೈಕಲ್ಲಿನಲ್ಲಿ ಕಲಿಯೋಣ, ಎರಡೂ ಕಾಲು ನೆಲಕ್ಕೆ ಸಿಗುತ್ತದೆ. ನಾನು ಹಿಂದೆ ಹಿಡಿದುಕೊಳ್ಳುತ್ತೇನೆ. ನೀವು ಮುಂದೆ ನೋಡಿ, ಅಷ್ಟೇ. ಹಳ್ಳದ ಇಳಿಜಾರು ಫೆಬ್ರವರಿಯ ಹೊತ್ತಿಗೆ.

ಒಂದು ಮಾತು ಮುಚ್ಚಿಡುವುದಿಲ್ಲ. ನಾನು ಅಪ್ಪನಿಗೆ ಏನೂ ಹೇಳಿಲ್ಲ, ಇಡಗುಂಜಿ ಗಣಪತಿಯಾಣೆ. ಆದರೆ ನಿನ್ನೆ ಸಂಜೆ ಅವನು ನನ್ನ ಸೈಕಲ್ಲಿನ ಸೀಟನ್ನು ನಾಲ್ಕು ಬೆರಳು ಇಳಿಸುತ್ತಾ ಕೂತಿದ್ದ. ಯಾಕೆ ಅಂದೆ. "ಶುಕ್ರಣ್ಣಂಗೆ ಎತ್ರ ಆಗ್ತದೆ" ಅಂದ. ಲಕೋಟೆ ಯಾರದು ಅಂತ ಅವನೇ ಊಹಿಸಿದ್ದ, ಅವರಿಗೆ ಸೈಕಲ್ ಬರುವುದಿಲ್ಲ ಅಂತ ನಿನಗೆ ಹೇಗೆ ಗೊತ್ತು ಅಂದೆ. ಆಗ ಹೇಳಿದ: "ಇಪ್ಪತ್ತೆಂಟು ವರ್ಷದಿಂದ ಅವ್ನ ಖಾಕಿ ಪ್ಯಾಂಟು ನಾನೇ ಹೊಲ್ಯೂದು, ನಾನೇ ರಿಪೇರಿ ಮಾಡೂದು. ಸೈಕಲ್ ಹೊಡ್ಯೂವವ್ರ ಪ್ಯಾಂಟು ಕೂರೂ ಜಾಗ್ದಲ್ಲಿ ಹರೀತದೆ. ಅವಂದು ಹರಿಯೂದು ಕಾಲ್ಗಂಟಿನ ಹತ್ರ ಮಾತ್ರ, ತಳ್ಳೂವಾಗ ಪೆಡಲ್ ತಾಗಿ."

ನೀವು ಚೈನು ಸರಿ ಇಲ್ಲ ಅಂದ ದಿನವೇ ಅವನಿಗೆ ಗೊತ್ತಿತ್ತು. ಆದರೂ ಎಣ್ಣೆ ತಂದು ಬಿಟ್ಟ.

ಭಾನುವಾರ ಅಪ್ಪನೂ ಬರುತ್ತಾನಂತೆ. ನಿಮ್ಮನ್ನು ನೋಡುವುದಕ್ಕೆ ಅಲ್ಲ, ಗದ್ದೆಯ ಆಚೆ ತುದಿಯಲ್ಲಿ ನಿಂತು ದುರ್ಗಮ್ಮ ಬಂದರೆ ಮಾತಿಗೆ ಹಿಡಿದುಕೊಳ್ಳುವುದಕ್ಕೆ.

ನಿಮ್ಮ,
ದಿವ್ಯಶ್ರೀ